ಸ್ಟಿಕ್ಕರ್ ನೋಡಿ ಲ್ಯಾಪ್‌ಟಾಪ್ ತಗೋಬೇಡಿ

ಅಡಿಕೆ, ಶುಂಠಿ ದುಡ್ಡು ಕೈಗೆ ಬಂತೆಂದರೆ ನಮ್ಮ ಕ್ಯಾಸನೂರು ಕಡೆಯ ಹುಡುಗರು ಈಗ ಕೇಳೋದು, "ಅಣ್ಣಾ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಪಹಣಿ, ಪೇಟೆ ಧಾರಣೆ, ಹವಾಮಾನ ನೋಡೋಕೆ ಫೋನೇ ಸಾಕು, ದುಡ್ಡು ಉಳಿಸಿ. ಆದರೆ ಡ್ರೋನ್ ಫೋಟೊ ಜೋಡಿಸಿ ಜಮೀನಿನ ನಕ್ಷೆ ಮಾಡೋದನ್ನೋ, ಕೃಷಿ ವಿಡಿಯೊ ಎಡಿಟಿಂಗನ್ನೋ ದುಡಿಮೆ ಮಾಡಿಕೊಳ್ಳುವವರಿಗೆ ಗಟ್ಟಿ ಯಂತ್ರ ಬೇಕು. ಅಂಥವರಿಗೆ ನನ್ನ ಅಭಿಪ್ರಾಯ ಇಷ್ಟು: ಹೆಸರಿಗಿಂತ ತಾಳಿಕೆ ನೋಡಿ.

'ಐ5' ಎಂಬ ಸ್ಟಿಕ್ಕರ್ ಇದ್ದರೆ ಎಲ್ಲವೂ ಒಂದೇ ಅಲ್ಲ. ಇಂಟೆಲ್‌ನ ಐ5-1335ಯು 15 ವಾಟ್‌ನ ಪ್ರೊಸೆಸರ್. ಐ5-13500ಎಚ್ 45 ವಾಟ್‌ನದು. ಕೊನೆಯ ಅಕ್ಷರ ನೋಡಿ. 'ಯು' ಬ್ಯಾಟರಿ ಉಳಿಸೋಕೆ, 'ಎಚ್' ಭಾರದ ಕೆಲಸಕ್ಕೆ. ಎಚ್ ಇದ್ದರೂ ತೆಳ್ಳಗಿನ ಡಬ್ಬಿಯಲ್ಲಿ ಗಾಳಿ ಆಡದಿದ್ದರೆ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತೆ. ಅದಕ್ಕೇ ಅಂಗಡಿಯಲ್ಲಿ ಐದು ನಿಮಿಷ ತೆರೆದು ನೋಡಿದರೆ ಸಾಲದು. ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ನೋಡೋಕೆ ಬಿಡ್ತೀರಾ ಅಂತ ಕೇಳಿ.

ಮುಂದಿನದು ರ್‍ಯಾಮ್. ಡ್ರೋನ್ ಫೋಟೊ ಜೋಡಿಸುವ ವೆಬ್‌ಒಡಿಎಂ ತಂತ್ರಾಂಶಕ್ಕೆ 16 ಜಿಬಿ ಇದ್ದರೆ ಒಳ್ಳೆಯದು. ಫೋಟೊ ಹೆಚ್ಚಿದಷ್ಟೂ ಹೆಚ್ಚು ಬೇಕು. ನಕ್ಷೆ ಕೆಲಸದ ಕ್ಯೂಜಿಐಎಸ್ ಪುಕ್ಕಟೆ ಸಿಗುತ್ತೆ, ಹಾಗಾಗಿ ತಂತ್ರಾಂಶದಲ್ಲಿ ಉಳಿದ ದುಡ್ಡನ್ನು ರ್‍ಯಾಮಿಗೆ ಹಾಕಿ. ಕೆಲವು ಲ್ಯಾಪ್‌ಟಾಪಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತೆ, ಆಮೇಲೆ ಹೆಚ್ಚಿಸೋಕಾಗಲ್ಲ. ಖಾಲಿ ಸ್ಲಾಟ್ ಇದೆಯಾ ಅಂತ ಖರೀದಿಗೆ ಮುಂಚೆಯೇ ಕೇಳಿ. ಡಿಸ್ಕ್ ಎಸ್‌ಎಸ್‌ಡಿಯೇ ಆಗಿರಲಿ.

ಇನ್ನು ನಮ್ಮೂರಿನ ಕಷ್ಟ. ಮಳೆಗಾಲದಲ್ಲಿ ಕರೆಂಟ್ ನಂಬೋ ಹಾಗಿಲ್ಲ. ಎಚ್ ಲ್ಯಾಪ್‌ಟಾಪ್ ಬರೀ ಬ್ಯಾಟರಿಯಲ್ಲಿ ಪೂರ್ತಿ ವೇಗದಲ್ಲಿ ಓಡೋದು ಕಷ್ಟ. ಅದರ ಅಡಾಪ್ಟರ್ ಮೇಲೆ ಬರೆದಿರೋ ವಾಟ್ ನೋಡಿ, ಮನೆಯ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತೆ ಲೆಕ್ಕ ಹಾಕಿ.

ಕೊನೆಯದಾಗಿ ರಿಪೇರಿ. 'ಮನೆ ಬಾಗಿಲಿಗೇ ಸರ್ವಿಸ್' ಅಂತಾರೆ, ಅದು ನಮ್ಮ ಪಿನ್‌ಕೋಡಿಗೂ ಇದೆಯಾ ಅಂತ ಕಂಪನಿಗೆ ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ಶಿವಮೊಗ್ಗಕ್ಕೆ ಹೊತ್ತುಕೊಂಡು ಹೋಗಬೇಕು. ಯಂತ್ರ ಅಲ್ಲಿರೋ ಅಷ್ಟು ದಿನ ದುಡಿಮೆ ನಿಂತ ಹಾಗೆ. ಟ್ರ್ಯಾಕ್ಟರ್ ತಗೊಳ್ಳುವಾಗ ಬಿಡಿಭಾಗ ಸೊರಬದಲ್ಲಿ ಸಿಗುತ್ತಾ ಅಂತ ಕೇಳಲ್ವಾ? ಇಲ್ಲೂ ಅದನ್ನೇ ಕೇಳಿ. ಉತ್ತರ ಸರಿ ಬಂದ ಮೇಲೆ ಮಾತ್ರ ಬಣ್ಣ, ಬ್ರ್ಯಾಂಡು, ರಿಯಾಯಿತಿ ಮಾತಾಡೋಣ.