ಕರಿಯ ಗಾಡಿ, ರೆಕ್ಕೆಯ ಗಾಡಿ

ಅಮೇರಿಕೆಯ ಡೆಟ್ರಾಯಿಟ್ ಸೀಮೆಯಲ್ಲಿ ಹುಟ್ಟಿದ ಎರಡು ಮೋಟಾರುಗಾಡಿಗಳನ್ನು ಈ ಸಲ ವಾಚಕರ ಮುಂದಿಡಬಯಸಿದ್ದೇವೆ. ಒಂದು 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ. ಮತ್ತೊಂದು 1959ರ ಕ್ಯಾಡಿಲ್ಯಾಕ್. ಇವುಗಳಿಗೆ ದಾಯಾದಿ ನಂಟುಂಟು. ಹೆನ್ರಿ ಫೋರ್ಡನು ತೊರೆದುಬಂದ ಹಿಂದಿನ ಕಂಪನಿಯ ಅವಶೇಷದಿಂದಲೇ 1902ರಲ್ಲಿ ಕ್ಯಾಡಿಲ್ಯಾಕ್ ಮೈದಳೆಯಿತು.

ಮಾಡೆಲ್ ಟಿ ಬೇಸಾಯಗಾರನ ಗಾಡಿ. ಕೊರಕಲು ದಾರಿಗೆಂದೇ ಎತ್ತರವಾದ ಚಕ್ರಗಳು, ಕೇವಲ 20 ಅಶ್ವಶಕ್ತಿಯ ಯಂತ್ರ. ಆಸನದಡಿಯ ತೊಟ್ಟಿಯಿಂದ ಪೆಟ್ರೋಲು ತಾನಾಗಿ ಇಳಿದು ಯಂತ್ರ ಸೇರಬೇಕಾದುದರಿಂದ, ತೊಟ್ಟಿ ಬರಿದಾಗುತ್ತ ಬಂದಾಗ ಕಡಿದಾದ ದಿಬ್ಬವನ್ನು ಹಿಮ್ಮುಖವಾಗಿ ಏರಬೇಕಾಗುತ್ತಿತ್ತು! ಹಿಂಗಾಲಿಯನ್ನೆತ್ತಿ ಪಟ್ಟಿ ತೊಡಿಸಿ ಮರ ಕೊಯ್ದವರೂ ಉಂಟು. 1927ರ ವರೆಗೆ ಒಂದೂವರೆ ಕೋಟಿ ಗಾಡಿಗಳು ತಯಾರಾದವು. 1908ರಲ್ಲಿ 850 ಡಾಲರಿದ್ದ ಬೆಲೆ, 1925ರ ವೇಳೆಗೆ ಇಬ್ಬರು ಕೂರುವ ಗಾಡಿಗೆ 260ಕ್ಕೆ ಇಳಿಯಿತು.

ಈ ಅಗ್ಗದ ಬೆಲೆಯನ್ನು ತೆತ್ತವರಾರು? 1913ರಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಅಡಿಗಟ್ಟಿನ ಜೋಡಣೆ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯತೊಡಗಿತು. ದಿನವಿಡೀ ಒಂದೇ ತಿರುಪನ್ನು ಬಿಗಿಯುತ್ತ ನಿಂತ ಕೆಲಸಗಾರರು ಬೇಸತ್ತು ಗುಂಪುಗುಂಪಾಗಿ ಬಿಟ್ಟುಹೋದರು. 1914ರಲ್ಲಿ ಘೋಷಿಸಿದ ದಿನಕ್ಕೆ 5 ಡಾಲರಿನ ಸಂಬಳವನ್ನು ಔದಾರ್ಯವೆಂದು ಕೊಂಡಾಡುವವರಿದ್ದಾರೆ. ನಾವು ಅಷ್ಟು ಸುಲಭವಾಗಿ ಒಪ್ಪಲಾರೆವು. ಆ ಪೂರ್ಣ ಸಂಬಳಕ್ಕೆ ಅರ್ಹನೇ ಎಂದು ತಿಳಿಯಲು ಕಂಪನಿಯ ತನಿಖೆದಾರರು ಕೆಲಸಗಾರನ ಮನೆಯೊಳಕ್ಕೇ ಬಂದು ಅವನ ಕುಡಿತ, ಉಳಿತಾಯ, ಸಂಸಾರಗಳನ್ನು ವಿಚಾರಿಸುತ್ತಿದ್ದರು.

ಇನ್ನು ಕ್ಯಾಡಿಲ್ಯಾಕ್. ಸುಮಾರು 19 ಅಡಿ ಉದ್ದ, ಎರಡು ಟನ್ನಿಗೂ ಮಿಗಿಲಾದ ತೂಕ, 325 ಅಶ್ವಶಕ್ತಿ. ಹಿಂಬದಿಯ ರೆಕ್ಕೆಗಳು ಯುದ್ಧಕಾಲದ ವಿಮಾನವೊಂದರಿಂದ ಪ್ರೇರಿತವಾಗಿ 1948ರಲ್ಲಿ ಮೊಳೆತವು. 1959ರಲ್ಲಿ ಅತ್ಯುನ್ನತಿಗೇರಿ, ಮರುವರ್ಷವೇ ಗಿಡ್ಡವಾದವು. ಅವು ನೆರೆಯವನ ಕಣ್ಣು ಸೆಳೆಯಲೆಂದೇ ಇದ್ದುವೆಂದು ನಮಗೆ ತೋರುತ್ತದೆ. ವರ್ಷವರ್ಷವೂ ರೂಪ ಬದಲಿಸಿ, ಕಳೆದ ವರ್ಷ ಕೊಂಡವನಿಗೆ ತನ್ನ ಗಾಡಿ ಹಳತಾಯಿತೆಂಬ ಅಳುಕು ಹುಟ್ಟಿಸುವುದು ಅದರ ಒಡೆಯರಾದ ಜನರಲ್ ಮೋಟರ್ಸಿನ ವ್ಯಾಪಾರನೀತಿಯಾಗಿತ್ತು.

ಆದರೂ ಈ ಸಿರಿವಂತ ಮನೆತನವನ್ನು ಪೂರಾ ಅಲ್ಲಗಳೆಯಲು ಮನಸ್ಸೊಪ್ಪದು. ಕೈಹಿಡಿ ತಿರುಗಿಸಿ ಯಂತ್ರ ಎಬ್ಬಿಸುವಾಗ ಅದು ಹಿಂದಕ್ಕೊದೆದು ಎಷ್ಟೋ ಜನರ ತೋಳು ಮುರಿದಿತ್ತು. ಆ ಕಷ್ಟವನ್ನು ನೀಗಿಸಿದ ವಿದ್ಯುತ್ ಸ್ಟಾರ್ಟರ್, ಚಾರ್ಲ್ಸ್ ಕೆಟರಿಂಗನ ಕೈಯಿಂದ, 1912ರಲ್ಲಿ ಕ್ಯಾಡಿಲ್ಯಾಕಿಗೆ ಬಂದಿತು. ಬಡವರ ಗಾಡಿಗೆ ಫೋರ್ಡನು ಅದನ್ನು ಕೊಟ್ಟದ್ದು 1919ರಲ್ಲಿ. ಅದೂ ಮೊದಲು ಮುಚ್ಚುಮಾಡಿನ, ದುಬಾರಿ ಮಾದರಿಗಳಿಗೆ.