ಕಣ್ಣಿಗಿಂತ ಕುಂಟೆ ದೊಡ್ಡದಲ್ಲ

ರೋಹಿಣಿ ಮಳೆಗೆ ಮುಂಚೆ ಕುಕನೂರಿನ ವೆಲ್ಡಿಂಗ್ ಶೆಡ್ಡುಗಳ ಮುಂದೆ ರೈತರ ಸಾಲು ಹತ್ತುತ್ತದೆ. ಸವೆದ ಕುಂಟೆಯ ಕುಡ, ಬಾಗಿದ ಕೂರಿಗೆಯ ತಾಳು, ಸೀಳು ಬಿಟ್ಟ ಟ್ರೇಲರಿನ ತಳ, ಎಲ್ಲಕ್ಕೂ ಮದ್ದು ಅಲ್ಲಿಯೇ. ಹೆಸರು, ಮೆಕ್ಕೆಜೋಳ ಬಿತ್ತುವ ಹದ ತಪ್ಪಬಾರದೆಂಬ ಅವಸರ ಎಲ್ಲರಿಗೂ ಇರುತ್ತದೆ. ಆ ಅವಸರಕ್ಕೆ ಕೆಲವರು ತೆರುವ ಬೆಲೆಯ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಇಂಥ ಒಂದು ಶೆಡ್ಡಿನಲ್ಲಿ ನಾನೂ ನಿಂತಿದ್ದೆ. ರೈತರೊಬ್ಬರು ಕುಡವನ್ನು ಕಾಲಿನಿಂದ ಅದುಮಿ ಹಿಡಿದಿದ್ದರು. ಕೆಲಸದ ಹುಡುಗ ಕೈ ಗ್ರೈಂಡರಿನಿಂದ ಅದನ್ನು ಕೊಯ್ಯುತ್ತಿದ್ದ. ಇಬ್ಬರ ಕಣ್ಣಿಗೂ ಕನ್ನಡಕವಿರಲಿಲ್ಲ. ಯಂತ್ರದ ಮರೆತಗಡು ಗೋಡೆಯ ಮೊಳೆಗೆ ತೂಗುತ್ತಿತ್ತು. ಕಬ್ಬಿಣದಲ್ಲಿ ಸಿಕ್ಕಿಕೊಂಡ ಚಕ್ರ ಒಡೆಯಿತು, ಚೂರೊಂದು ಆ ರೈತರ ಕಣ್ಣಿಗೆ ಬಡಿಯಿತು. ಅವರು ಟವೆಲ್ ಒತ್ತಿಕೊಂಡು ಮನೆಗೆ ಹೋದರು. ಮನೆಯಲ್ಲಿ ಎಣ್ಣೆ ಬಿಟ್ಟರು. ಮೂರನೆಯ ದಿನ ಆಸ್ಪತ್ರೆ ಸೇರುವಷ್ಟರಲ್ಲಿ ಆ ಕಣ್ಣು ಹೋಗಿತ್ತು. ಅವರಿಗೆ ಬೀಜೋಪಚಾರ ಹೇಳಿಕೊಟ್ಟವನು ನಾನು, ಸಾಲಿನ ಅಂತರ ಹೇಳಿಕೊಟ್ಟವನು ನಾನು. ಆದರೆ ಎದುರಿಗೇ ನಿಂತಿದ್ದರೂ "ಅಣ್ಣಾರ, ಸ್ವಲ್ಪ ಹಿಂದ ಸರೀರಿ" ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ರೈತ ಅಲ್ಲಿ ಏಕೆ ನಿಲ್ಲುತ್ತಾನೆ? ಅದು ಕುಲುಮೆಯ ಕಾಲದ ರೂಢಿ. ಆಗ ತಿದಿ ಒತ್ತುವವನೂ ರೈತನೇ, ಸುತ್ತಿಗೆ ಎತ್ತಿ ಬಡಿಯುವವನೂ ರೈತನೇ. ಆದರೆ ಕೆಂಪಗೆ ಕಾದ ಕಬ್ಬಿಣ ತನ್ನ ಅಪಾಯವನ್ನು ತಾನೇ ತೋರಿಸುತ್ತಿತ್ತು. ಗ್ರೈಂಡರಿನ ಅಪಾಯ ಕಣ್ಣಿಗೆ ಕಾಣುವುದಿಲ್ಲ. 4 ಅಂಗುಲದ ಕೈ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಚಕ್ರದ ಅಂಚು ತಾಸಿಗೆ 200 ಕಿಲೋಮೀಟರ್ ವೇಗದಲ್ಲಿರುತ್ತದೆ. ಒಡೆದ ಚೂರು ಹಾರುವುದೂ ಅದೇ ಭರದಲ್ಲಿ. ಕೆಲವರು ಮರೆ ಬಿಚ್ಚಿ, ಹೇಗೋ ಹೊಂದಿಸಿ, ಇದೇ ಯಂತ್ರಕ್ಕೆ 7 ಅಂಗುಲದ ಚಕ್ರ ಹಾಕುತ್ತಾರೆ. ಸಾಮಾನ್ಯ ಚಕ್ರ ತಾಳುವ ವೇಗ ಸೆಕೆಂಡಿಗೆ 80 ಮೀಟರ್. ಹೀಗೆ ಹಾಕಿದಾಗ ಅದು 100 ಮೀಟರ್ ದಾಟುತ್ತದೆ. ಒಡೆಯದಿದ್ದರೆ ಅದೇ ಆಶ್ಚರ್ಯ.

ರಾಶಿ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಗೋಳು ದೆಹಲಿಗೆ ಮುಟ್ಟಿ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಮಾಡಿತು. ತಿರುಗುವ ಗಾಲಿಗೆ ಮರೆ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯೂ ವಿಧಿಸಿತ್ತು. ಆದರೆ ಇಬ್ಬರು ಮೂವರು ದುಡಿಯುವ ಶೆಡ್ಡು ಆ ಲೆಕ್ಕಕ್ಕೆ ಬರಲಿಲ್ಲ. ಹೀಗಾಗಿ ನಮ್ಮ ಊರಿನ ಶೆಡ್ಡಿನಲ್ಲಿ ಕಾವಲುಗಾರರು ನಾವೇ. ಕೆಳಗಿನ ಮಾತುಗಳನ್ನು ನೆನಪಿಡಬೇಕು:

1. ಕೊಯ್ಯುವ ಕಬ್ಬಿಣವನ್ನು ಶಿಕಂಜೆಯಲ್ಲಿ ಬಿಗಿಯಬೇಕು. ಕೈ, ಕಾಲು ಶಿಕಂಜೆಯಲ್ಲ.

2. ಮರೆತಗಡು ಇಲ್ಲದ ಯಂತ್ರ ಚಾಲೂ ಮಾಡಬಾರದು. ಚಕ್ರದ ಮೇಲೆ ಬರೆದ ಸುತ್ತಿನ ಸಂಖ್ಯೆ ಯಂತ್ರದ ಸುತ್ತಿಗಿಂತ ಕಡಿಮೆ ಇರಕೂಡದು.

3. ಬಿರುಕು ಬಿಟ್ಟ, ನೀರು ಕುಡಿದ, ಅವಧಿ ಮುಗಿದ ಚಕ್ರ ಎಸೆಯಬೇಕು. ಅವಧಿಯನ್ನು ನಡುವಿನ ಲೋಹದ ಬಳೆಯ ಮೇಲೆ ಮುದ್ರಿಸಿರುತ್ತಾರೆ. ಕೊಯ್ಯುವ ತೆಳು ಚಕ್ರದ ಪಕ್ಕದಿಂದ ಉಜ್ಜಬಾರದು.

4. ಕೊಯ್ಯುವವನಿಗೆ ಪಕ್ಕ ಮುಚ್ಚುವ ಕನ್ನಡಕ ಬೇಕು. ಉಳಿದವರು ಕಿಡಿ ಹಾರುವ ನೇರದಲ್ಲಿ ನಿಲ್ಲಬಾರದು.

5. ಧೋತರ, ಟವೆಲ್, ಸೆರಗು ಸುತ್ತುವ ಯಂತ್ರಕ್ಕೆ ದೂರವಿರಲಿ. ಡ್ರಿಲ್ ಮತ್ತು ಲೇತಿನ ಹತ್ತಿರ ಕೈಚೀಲವೂ ಬೇಡ. ಅದು ಬೆರಳನ್ನೂ ಎಳೆದುಕೊಳ್ಳುತ್ತದೆ.

6. ಹೊಲದಲ್ಲಿ, ಕಣದಲ್ಲಿ ಕೊಯ್ಯುವಾಗ ಬಣವೆಯಿಂದ ದೂರ ಹೋಗಬೇಕು. ಡೀಸೆಲ್, ಪೆಟ್ರೋಲ್ ತುಂಬಿದ್ದ ಡ್ರಮ್ಮು ಬರಿದಾಗಿದ್ದರೂ ಕೊಯ್ಯಬಾರದು. ಒಳಗಿನ ಆವಿ ಸಿಡಿಯುತ್ತದೆ.

ಮರೆ ಅಡ್ಡ ಬರುತ್ತದೆ, ಕನ್ನಡಕಕ್ಕೆ ಬೆವರು ಕಟ್ಟುತ್ತದೆ ಎಂದು ಶೆಡ್ಡಿನವರು ಹೇಳುವುದುಂಟು. ಅವರ ಮಾತು ಸುಳ್ಳಲ್ಲ. ಆದರೆ ಮರೆಯನ್ನು ಸಡಿಲಿಸಿ ಬೇಕಾದ ಕಡೆಗೆ ತಿರುಗಿಸಬಹುದು, ಬಿಚ್ಚಬೇಕಾಗಿಲ್ಲ. ಬೆವರು ಒರೆಸಿಕೊಳ್ಳಲು ಅರ್ಧ ನಿಮಿಷ ಸಾಕು. ಕನ್ನಡಕದ ಬೆಲೆ ಒಂದು ಚೀಲ ಯೂರಿಯಾಕ್ಕಿಂತ ಕಡಿಮೆ.

ಅಪಘಾತವಾದರೆ ಗಾಬರಿ ಬೇಡ. ಕಣ್ಣಿಗೆ ಚೂರು ನೆಟ್ಟರೆ ಉಜ್ಜಬಾರದು, ಕೀಳಬಾರದು. ಎಣ್ಣೆ, ಹಾಲು ಹಾಕಬಾರದು. ಒತ್ತಡ ಬೀಳದಂತೆ ಮರೆ ಮಾಡಿ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಬೆರಳು ತುಂಡಾದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಕಟ್ಟಿ, ಕೈ ಮೇಲೆತ್ತಿ ಹಿಡಿಯಬೇಕು. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಬರ್ಫದ ಮೇಲೆ ಇಡಬೇಕು. ತುಂಡಿಗೆ ಬರ್ಫ ನೇರವಾಗಿ ತಾಗಬಾರದು. 108ಕ್ಕೆ ಫೋನು ಮಾಡಿದರೆ ವಾಹನ ಬರುತ್ತದೆ.

ಇನ್ನೊಂದು ಮಾತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 18ರಿಂದ 70 ವರ್ಷದೊಳಗಿನ ಖಾತೆದಾರರು ಬ್ಯಾಂಕಿನಲ್ಲಿ ಸೇರಬಹುದು. 2022ರ ಜೂನ್‌ನಿಂದ ಇದರ ಕಂತು ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಮರಣವಾದರೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಪೂರ್ಣ ಹೋದರೆ 1 ಲಕ್ಷ ರೂಪಾಯಿ ಸಿಗುತ್ತದೆ. ವಿಮೆಯ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ. ಬಿತ್ತನೆಗೆ ಬೀಜ ಕೊಳ್ಳುವ ದಿನಗಳಲ್ಲೇ ಈ ಕೆಲಸವನ್ನೂ ಮುಗಿಸಬಹುದು. ಆದರೆ ಲಕ್ಷ ರೂಪಾಯಿ ಬಂದರೂ ಹೋದ ಕಣ್ಣು ಬರುವುದಿಲ್ಲ.

ಮಹಾನವಮಿಯಲ್ಲಿ ನಾವು ಯಂತ್ರಗಳಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತೇವೆ. ಪೂಜೆ ಒಳ್ಳೆಯದೇ. ಮೊಳೆಗೆ ತೂಗುಬಿದ್ದ ಮರೆತಗಡನ್ನು ಇಳಿಸಿ ಯಂತ್ರಕ್ಕೆ ಹಾಕಿದರೆ ಆ ಪೂಜೆಗೆ ಅರ್ಥ ಬರುತ್ತದೆ. ಮುಂದಿನ ಸಲ ಶೆಡ್ಡಿನಲ್ಲಿ ಯಾರಾದರೂ "ಸ್ವಲ್ಪ ಹಿಡೀರಿ" ಎಂದರೆ ರೈತ ಬಾಂಧವರು "ಶಿಕಂಜೆಗೆ ಹಾಕ್ರಿ, ಕಾಯ್ತೀನಿ" ಎನ್ನಬೇಕು. ಓದುಬರಹ ಬಾರದವರಿಗೆ ವಾಚನಾಲಯದಲ್ಲಿ ಇದನ್ನು ಓದಿ ಹೇಳಿರಿ. ಶೆಡ್ಡಿನ ಹುಡುಗರಿಗೆ ಮೊದಲು ಹೇಳಿರಿ. ನಾನು ಅಂದು ಆಡದೆ ಉಳಿದ ಮಾತನ್ನು ಇಂದು ನಿಮ್ಮೆಲ್ಲರ ಬಾಯಿಂದ ಆಡಿಸಬೇಕೆಂಬುದೇ ಈ ಬರಹದ ಆಸೆ.