ಯಂತ್ರವಿದ್ದರಷ್ಟೇ ಸಾಲದು

ಸಕಲೇಶಪುರ, ಆಲೂರು ಭಾಗದ ಕಾಫಿ ತೋಟಗಳ ಲೈನು ಮನೆಗಳಲ್ಲಿ ಮಗುವಿನ ಹೊಟ್ಟೆ ಉಬ್ಬಿದರೆ ಮೊದಲು ನೆನಪಾಗುವುದು ಜಂತುಹುಳು. ಬಹುಪಾಲು ಆ ಊಹೆ ನಿಜವೂ ಹೌದು. ಆದರೆ ಅಪರೂಪಕ್ಕೊಮ್ಮೆ, ಸ್ನಾನ ಮಾಡಿಸುವ ತಾಯಿಯ ಕೈಗೆ ಬಲಪಕ್ಕೆಲುಬಿನ ಕೆಳಗೆ ತಾಗುವ ಗಂಟು ಯಕೃತ್ತಿನ ಗಡ್ಡೆಯಾಗಿರುತ್ತದೆ. ಮಕ್ಕಳ ಯಕೃತ್ತಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವ ಹೆಪಟೊಬ್ಲಾಸ್ಟೋಮಾ ಬಹುತೇಕ ಮೂರು ವರ್ಷದೊಳಗಿನವರನ್ನೇ ಕಾಡುವಂಥದು. ಸಕಾಲದಲ್ಲಿ ಸಿಸ್‌ಪ್ಲಾಟಿನ್ ಆಧಾರಿತ ಚಿಕಿತ್ಸೆ ಹಾಗೂ ಶಸ್ತ್ರಕ್ರಿಯೆ ದೊರೆತರೆ ಹೆಚ್ಚಿನ ಮಕ್ಕಳು ಬದುಕುತ್ತಾರೆ. ವಿಳಂಬ ಅಕ್ಷಮ್ಯವೆನಿಸುವುದು ಅದಕ್ಕಾಗಿಯೇ.

ಗಡ್ಡೆ ಇದೆಯೆಂದು ಅಲ್ಟ್ರಾಸೌಂಡ್ ತಿಳಿಸುತ್ತದೆ. ರಕ್ತದ ಎಎಫ್‌ಪಿ ಪರೀಕ್ಷೆ ಅದರ ಸ್ವರೂಪದ ಸುಳಿವು ಕೊಡುತ್ತದೆ. ಅದು ಯಕೃತ್ತಿನ ನಾಲ್ಕು ಭಾಗಗಳಲ್ಲಿ ಎಷ್ಟನ್ನು ಆವರಿಸಿದೆ, ರಕ್ತನಾಳಗಳನ್ನು ಸುತ್ತಿಕೊಂಡಿದೆಯೇ, ಮೊದಲು ಶಸ್ತ್ರಕ್ರಿಯೆಯೋ ಔಷಧವೋ ಅಥವಾ ಯಕೃತ್ತಿನ ಕಸಿಯೇ ಬೇಕೋ ಎಂಬುದನ್ನು ನಿರ್ಧರಿಸಲು ಎಂಆರ್‌ಐ ಉತ್ತಮ ಸಾಧನ. ಸಿ.ಟಿ. ಸ್ಕ್ಯಾನ್ ಕ್ಷಣಗಳಲ್ಲಿ ಮುಗಿಯುತ್ತದೆ, ನಿಜ. ಶ್ವಾಸಕೋಶಕ್ಕೆ ರೋಗ ಹರಡಿದೆಯೇ ಎಂದು ತಿಳಿಯಲು ಅದು ಬೇಕೇ ಬೇಕು. ಆದರೆ ಔಷಧದಿಂದ ಗಡ್ಡೆ ಕುಗ್ಗಿತೇ ಎಂದು ಮತ್ತೆ ಮತ್ತೆ ನೋಡಬೇಕಾದ ಈ ರೋಗದಲ್ಲಿ ಬೆಳೆಯುವ ದೇಹಕ್ಕೆ ಪ್ರತಿಸಲವೂ ವಿಕಿರಣ ಹಾಯಿಸುವುದು ವಿವೇಕವಲ್ಲ.

ಎಂಆರ್‌ಐಗೆ ಮುಖ್ಯ ತೊಡಕು ರೋಗಿಯ ವಯಸ್ಸು. ಅರ್ಧ ಗಂಟೆಗೂ ಹೆಚ್ಚು ಕಾಲ ಅಲುಗದೆ ಮಲಗೆಂದು ಎರಡು ವರ್ಷದ ಮಗುವಿಗೆ ಹೇಳಲಾದೀತೇ? ಆ ಯಂತ್ರದ ಸದ್ದಿಗೆ ದೊಡ್ಡವರೇ ಬೆಚ್ಚುತ್ತಾರೆ. ಎಳೆಯ ಹಸುಗೂಸನ್ನು ಹಾಲೂಡಿಸಿ, ಬಟ್ಟೆ ಸುತ್ತಿ ನಿದ್ರೆ ಬರಿಸಬಹುದು. ಆ ವಯಸ್ಸು ದಾಟಿದರೆ ಸಾಮಾನ್ಯವಾಗಿ ಅರಿವಳಿಕೆಯೇ ಗತಿ. ಅಂದರೆ ಮಕ್ಕಳಿಗೆ ಅರಿವಳಿಕೆ ನೀಡಬಲ್ಲ ವೈದ್ಯರು, ಆಯಸ್ಕಾಂತದ ಬಳಿ ಬಳಸಬಹುದಾದ ಉಪಕರಣಗಳು, ಎಚ್ಚರವಾಗುವವರೆಗೆ ಬಳಿಯಿರುವ ದಾದಿ. ಇವಿಲ್ಲದೆ ತೆಗೆದ ಚಿತ್ರ ಮಸುಕಾಗಿ, ಇನ್ನೊಮ್ಮೆ ತೆಗೆಯಬೇಕಾಗುತ್ತದೆ.

ಸಕಲೇಶಪುರದಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಸುಮಾರು 220 ಕಿ.ಮೀ. ಮಂಗಳೂರಿಗೆ ಹೋಗೋಣವೆಂದರೆ ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬುವಂತಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚವನ್ನು ಭರಿಸುತ್ತದೆ. ತೋಟದ ಕಾರ್ಮಿಕರು ಕಳೆದುಕೊಳ್ಳುವ ದಿನಗೂಲಿಯನ್ನು ಭರಿಸುವುದಿಲ್ಲ. ಅಸ್ಸಾಮಿನಿಂದ ಬಂದು ಇಲ್ಲಿ ದುಡಿಯುವವರ ಪಾಡಂತೂ ಬೇರೆಯೇ.

ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2006ರಿಂದಲೂ ಇದೆ. ಜಿಲ್ಲಾ ಕೇಂದ್ರದಲ್ಲಿ ವಾರಕ್ಕೆ ಒಂದು ದಿನವಾದರೂ ಅರಿವಳಿಕೆ ತಜ್ಞರ ಸಮ್ಮುಖದಲ್ಲಿ ಮಕ್ಕಳ ಎಂಆರ್‌ಐ ನಡೆಯುವುದು ಮತ್ತು ಚಿತ್ರಗಳು ಅಂದೇ ಕಿದ್ವಾಯಿಯ ತಜ್ಞರಿಗೆ ತಲುಪುವುದು ಖಾತರಿಯಾಗಬೇಕು. ಅದಕ್ಕೂ ಮೊದಲು ಗಂಟು ಯಾರದಾದರೂ ಕೈಗೆ ತಾಗಬೇಕಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಬಾರಿ ತಪಾಸಣೆ ಮಾಡಬೇಕೆಂಬ ನಿಯಮವಿದೆ. ತೂಕ, ಎತ್ತರ ಬರೆದುಕೊಳ್ಳುವುದರ ಜೊತೆಗೆ ಹೊಟ್ಟೆಯನ್ನೂ ಮುಟ್ಟಿ ನೋಡಲಿ. ಅಂಗನವಾಡಿಗೆ ಬಾರದ ಮಕ್ಕಳಿದ್ದರೆ ತಂಡವೇ ಲೈನು ಮನೆಗಳತ್ತ ಹೋಗಲಿ.